ತಳಕ್ಕೆ ತೂತು ಹೊಡೆಯದ ಮೇಸ್ತ್ರಿ

ಮೇಸ್ತ್ರಿಯವರಿಗೆ ಚಹಾ ಕೊಟ್ಟರೆ ಮೊದಲು ಕಪ್ಪನ್ನು ಎತ್ತಿ ಹಿಡಿದು ಅದರ ಅಡಿ ನೋಡುತ್ತಿದ್ದರು. ತುಂಬಿದ ಕಪ್ಪು, ಹಬೆಯಾಡುವ ಚಹಾ. ಬಸಿಯನ್ನು ಪಕ್ಕಕ್ಕಿಟ್ಟು, ತಲೆ ಹಿಂದಕ್ಕೆ ವಾಲಿಸಿ, ಒಂದು ಕಣ್ಣು ಮುಚ್ಚಿ, ತಳದ ಸುತ್ತ ಬೆರಳು ಓಡಿಸಿ, ಎಲ್ಲೂ ಒಸರುತ್ತಿಲ್ಲ ಎಂದು ಖಾತ್ರಿಯಾದ ಮೇಲೇ ಬಾಯಿಗೆ. ನಮ್ಮ ಮನೆಗೆ ಮೊದಲ ಸಲ ಬಂದಾಗಲೂ ಹಾಗೇ ಮಾಡಿದರು. ನನಗೆ ರೇಗಿತು. ಕುಮಟೆಯ ಸುತ್ತಮುತ್ತಲ ಪ್ರಾಥಮಿಕ ಶಾಲೆಗಳಲ್ಲಿ ಮೂವತ್ತನಾಲ್ಕು ವರ್ಷ ಮಕ್ಕಳ ಉಗುರು, ಕಿವಿ, ತಲೆ ಪರೀಕ್ಷೆ ಮಾಡಿ ನಿವೃತ್ತಳಾದವಳು ನಾನು. ನನ್ನ ಮನೆಯ ಕಪ್ಪನ್ನು ಪರೀಕ್ಷೆ ಮಾಡುವುದೆಂದರೆ ಏನು?

"ತೊಳೆದೇ ಕೊಟ್ಟದ್ದು" ಎಂದೆ.

"ತೊಳ್ದದ್ದು ಒಳಗೆ ಅಕ್ಕೋರೆ. ನಾ ನೋಡೂದು ಅಡಿ" ಎಂದರು.

ಕಪ್ಪು ಮಾತ್ರವಲ್ಲ. ಕೊಡ, ಬುಟ್ಟಿ, ನನ್ನ ಕೈಚೀಲ, ಯಾರೋ ಕೊಟ್ಟ ಮದುವೆ ಕರೆಯೋಲೆ, ಎಲ್ಲವನ್ನೂ ಮಗುಚಿ ನೋಡಿದ ಮೇಲೇ ಅವರಿಗೆ ನಂಬಿಕೆ. ಒಮ್ಮೆ ಹೊನ್ನಾವರ ಬಸ್ ನಿಲ್ದಾಣದಲ್ಲಿ ಬಸ್ಸು ಹತ್ತುವ ಮೊದಲು ಬಗ್ಗಿ ಬಸ್ಸಿನ ಅಡಿ ನೋಡತೊಡಗಿದರು. ಯಾರದೋ ಏನೋ ಬಿದ್ದಿದೆಯೆಂದು ಕಂಡಕ್ಟರನೂ ಬಗ್ಗಿದ, ಕಂಡಕ್ಟರ್ ಬಗ್ಗಿದ್ದು ನೋಡಿ ನಾಲ್ಕಾರು ಪ್ರಯಾಣಿಕರೂ ಬಗ್ಗಿದರು. ನಾನೊಬ್ಬಳು ಮಾತ್ರ ನೆಟ್ಟಗೆ ನಿಂತು, ಇವರು ನನಗೆ ಗುರುತೇ ಇಲ್ಲ ಎಂಬಂತೆ ಹಣ್ಣಿನ ಅಂಗಡಿ ನೋಡುತ್ತಿದ್ದೆ.

ಹೋದ ಮಳೆಗಾಲ ಮುಗಿಯುವ ಹೊತ್ತಿಗೆ ಅವರು ತೀರಿಕೊಂಡರು. ಮಧ್ಯಾಹ್ನ ಉಂಡು ತಮ್ಮ ಚಪ್ಪರದ ಹಲಗೆಯ ಮೇಲೆ ಮಲಗಿದವರು ಏಳಲಿಲ್ಲ. ನಮ್ಮ ಹಕ್ಕಿ ಬಳಗದ ಸಭೆಯಲ್ಲಿ ಓದಲು ಎರಡು ಸಾಲು ಬರೆದುಕೊಡಿ ಎಂದು ನನ್ನನ್ನು ಕೇಳಿದರು. ಎರಡು ಸಾಲಿನಲ್ಲಿ ಹಿಡಿಸುವ ಆಸಾಮಿಯಲ್ಲ ಅವರು. ಅದಕ್ಕೇ ಇದು ಇಷ್ಟುದ್ದ ಆಗುತ್ತಿದೆ.

ಕುಮಟೆಯ ಪಕ್ಕದ ಕಡಲೂರು ಬಾಡದಲ್ಲಿ ಅವರು ಐವತ್ತು ವರ್ಷ ಮರದ ದೋಣಿ ಕಟ್ಟಿದವರು. ಅವರು ಕಟ್ಟಿದ ಒಂದು ದೋಣಿಯೂ ತಳದಿಂದ ನೀರು ಕುಡಿದಿಲ್ಲ. ಇದು ಅವರೇ ಹೇಳಿಕೊಳ್ಳುತ್ತಿದ್ದ ಮಾತು. ಆದರೆ ಊರಿನಲ್ಲಿ ಯಾರೂ ಅದನ್ನು ಸುಳ್ಳು ಎಂದದ್ದನ್ನು ನಾನು ಕೇಳಿಲ್ಲ, ಮತ್ತು ಬಾಡದಲ್ಲಿ ಸುಳ್ಳು ಎನ್ನುವವರಿಗೇನೂ ಬರಗಾಲವಿಲ್ಲ. ಫೈಬರ್ ದೋಣಿ ಬಂದ ಮೇಲೆ ಅವರ ಕೆಲಸ ನಿಂತಿತು. ನಾನು ನೋಡುವ ಹೊತ್ತಿಗೆ ಎಪ್ಪತ್ತೈದು ದಾಟಿತ್ತು, ಬಾಯಲ್ಲಿ ಒಂದೂ ಹಲ್ಲಿರಲಿಲ್ಲ, ಮನೆಯ ಪಕ್ಕದ ತೆಂಗಿನ ಮಡಲಿನ ಚಪ್ಪರದಲ್ಲಿ ಕೂತು ಊರವರಿಗೆ ತುರಿಮಣೆ ಮಾಡಿಕೊಡುತ್ತಿದ್ದರು. ಆ ತುರಿಮಣೆಗಳನ್ನೂ ನೀರಿಗೆ ಬಿಟ್ಟರೆ ತೇಲುತ್ತಿದ್ದವು ಎಂದು ಈಗ ಅನಿಸುತ್ತದೆ.

ನಮ್ಮ ಬಳಗದ ವಿಷಯವನ್ನೂ ಹೇಳಬೇಕು, ಇಲ್ಲವಾದರೆ ಈ ಮೇಸ್ತ್ರಿ ಹಕ್ಕಿಗಳ ನಡುವೆ ಹೇಗೆ ಬಂದರು ಎಂದು ತಿಳಿಯುವುದಿಲ್ಲ. ಭಟ್ಕಳ, ಹೊನ್ನಾವರ, ಕುಮಟೆ ಈ ಮೂರು ತಾಲ್ಲೂಕಿನ ಕೆಲವರು ಸೇರಿ ಪೊಟರೆಯಲ್ಲಿ ಗೂಡು ಮಾಡುವ ನಮ್ಮ ಕಡೆಯ ಹಕ್ಕಿಗಳಿಗೆ ಒಂದಿಷ್ಟು ಉಪಕಾರ ಮಾಡೋಣ ಎಂದು ಹೊರಟಿದ್ದೆವು. ಮರಕುಟಿಗ, ಕುಟ್ರ ಹಕ್ಕಿ ತಾವೇ ಮರ ಕೊರೆದು ಮನೆ ಮಾಡಿಕೊಳ್ಳುತ್ತವೆ. ಮಡಿವಾಳ ಹಕ್ಕಿ, ಗೊರವಂಕ, ಸಣ್ಣ ಗೂಬೆಗಳಿಗೆ ಆ ಕಸುಬಿಲ್ಲ, ಅವು ಯಾರೋ ಕೊರೆದು ಬಿಟ್ಟ ಪೊಟರೆಗೆ ಹೋಗಿ ಕೂರುತ್ತವೆ. ರಸ್ತೆ ಅಗಲವಾಗುವಾಗ ಹಳೆಯ ಮರಗಳು ಹೋದವು. ಚಂಡೆ, ಅಂದರೆ ತುದಿಯ ಸುಳಿ, ಸತ್ತ ತೆಂಗಿನ ಮರವನ್ನು ಮನೆ ಮೇಲೆ ಬೀಳುತ್ತದೆಂದು ಜನ ಕಡಿಯುತ್ತಾರೆ. ಬೀಳದ ಜಾಗದಲ್ಲಿದ್ದರೆ ಕಡಿಯಬೇಡಿ ಎಂದು ಮನೆಮನೆಗೆ ಹೋಗಿ ಹೇಳುವುದು, ಪೊಟರೆಯೇ ಇಲ್ಲದ ಕಡೆ ಮರದ ಪೆಟ್ಟಿಗೆ ಕಟ್ಟುವುದು, ಇದು ನಮ್ಮ ಕೆಲಸ.

ಬಳಗದ ಮುಂದಾಳು ಭಟ್ಕಳದ ಒಬ್ಬ ಹಲ್ಲಿನ ಡಾಕ್ಟರು. ನಾವು ಡಾಕ್ಟರ್ ಸಾಹೇಬರೆನ್ನುತ್ತೇವೆ. ಮನೆಮಾತು ನವಾಯತಿಯಲ್ಲಿ ಯೋಚಿಸಿ, ಉರ್ದುವಿನಲ್ಲಿ ಸಿಟ್ಟಾಗಿ, ಕನ್ನಡದಲ್ಲಿ ಕ್ಷಮೆ ಕೇಳುವ ಮನುಷ್ಯ. ಮರ ಹತ್ತುವುದು ಕುಮಟೆಯ ತೆಂಗಿನಕಾಯಿ ಕೊಯ್ಯುವ ಸುಕ್ರ, ನಲವತ್ತು ದಾಟಿದ ಸಂಸಾರಸ್ಥ. ನಾನು ಕಾರ್ಯದರ್ಶಿ. ನನಗೆ ಬರೆಯಲು ಬರುತ್ತದೆ ಎಂಬುದಷ್ಟೇ ಕಾರಣ.

ಮೊದಲ ವರ್ಷ ಪ್ಲೈವುಡ್ಡಿನ ಪೆಟ್ಟಿಗೆ ಕಟ್ಟಿದೆವು. ಒಂದೇ ಮಳೆಗೆ ಅವು ಪೂರಿಯಂತೆ ಉಬ್ಬಿದವು. ಆಗ ಸುಕ್ರ ಬಾಡದ ಮೇಸ್ತ್ರಿಯವರ ಸುದ್ದಿ ತಂದ. ನಾವು ಮೂವರೂ ಹೋದೆವು. ಡಾಕ್ಟರ್ ಸಾಹೇಬರು ತಾವೇ ಬರೆದ ಚಿತ್ರ ಕೊಟ್ಟರು. ಇಷ್ಟು ಉದ್ದ, ಇಷ್ಟು ಅಗಲ, ಮುಂದೆ ಬಾಗಿಲಿನ ತೂತು, ಮೇಲೆ ತೆರೆಯಲು ಬರುವ ಮುಚ್ಚಳ, ಒಳಗೆ ಬಂದ ನೀರು ಇಳಿದುಹೋಗಲು ತಳದಲ್ಲಿ ಐದು ಸಣ್ಣ ತೂತು. ಮೇಸ್ತ್ರಿಯವರು ಚಿತ್ರವನ್ನು ಒಂದು ಗಳಿಗೆ ನೋಡಿದರು. ಆಮೇಲೆ ಕಾಗದ ಮಗುಚಿ ಅದರ ಹಿಂಬದಿಯನ್ನು ಬಹಳ ಹೊತ್ತು ನೋಡಿದರು. ಅಲ್ಲಿ ಏನೂ ಇರಲಿಲ್ಲ.

"ಆತು. ದೋಣಿ ಹಲಗೆ ಉಳ್ದದ್ದು ಇದ್ದು. ಇಪ್ಪತ್ನಾಲ್ಕು ಮಾಡ್ಕೊಡ್ತೆ. ಹಕ್ಕಿಗಲ್ದಾ, ನಂಗೆ ಎಂತದೂ ಕೊಡೂದು ಬೇಡ" ಎಂದರು.

ಒಂದು ತಿಂಗಳ ಮೇಲೆ ಪೆಟ್ಟಿಗೆ ತರಲು ಹೋದರೆ ಮನೆಯಲ್ಲಿ ಯಾರೂ ಇಲ್ಲ. ಕೆರೆಗೆ ಹೋಗಿದ್ದಾರೆ ಎಂದರು ಪಕ್ಕದವರು. ಹೋಗಿ ನೋಡಿದರೆ ಊರ ಕೆರೆಯ ಮೆಟ್ಟಿಲ ತುಂಬ ಜನ. ನೀರಿನಲ್ಲಿ ಸೊಂಟದ ತನಕ ಮುಳುಗಿ ಮೇಸ್ತ್ರಿಯವರು ನಿಂತಿದ್ದಾರೆ. ಅವರ ಸುತ್ತ, ಒಂದಕ್ಕೊಂದು ಹಗ್ಗ ಕಟ್ಟಿದ ಇಪ್ಪತ್ನಾಲ್ಕು ಹಕ್ಕಿ ಮನೆಗಳು ತೇಲುತ್ತಿವೆ.

ಎಲ್ಲ ಪೆಟ್ಟಿಗೆಗಳ ಮುಂಭಾಗ ಸ್ವಲ್ಪ ಮೇಲೆದ್ದು ದೋಣಿಯ ಮೂತಿಯಂತೆ ಬಾಗಿತ್ತು. ಎಲ್ಲಕ್ಕೂ ಹಳದಿ ಬಣ್ಣದಲ್ಲಿ ಹೆಸರು ಬರೆದಿತ್ತು. ಸಮುದ್ರ ರಾಣಿ, ಕಡಲ ಮುತ್ತು, ಗಾಳಿ ಕುಮಾರ, ಜಲಕನ್ಯೆ. ಮೆಟ್ಟಿಲ ಮೇಲೆ ಅವರ ಹೆಂಡತಿ ಹೂವು, ಕುಂಕುಮ, ಒಂದು ತೆಂಗಿನಕಾಯಿ ಹಿಡಿದು ನಿಂತಿದ್ದರು. ಹೊಸ ದೋಣಿ ನೀರಿಗಿಳಿಯುವಾಗ ಕಾಯಿ ಒಡೆಯದೆ ಹೇಗೆ?

"ನೋಡಿ ಡಾಕ್ಟ್ರೆ. ಬೆಳಿಗ್ಗೆಯಿಂದ ನೀರಲ್ಲಿ ಇದ್ದು. ಒಂದು ತೊಟ್ಟು ಒಳಗೆ ಹೋಗ್ಲಿಲ್ಲ" ಎಂದರು ಮೇಸ್ತ್ರಿ.

"ಮೇಸ್ತ್ರಿ ಸಾಬ್, ಇದು ಮರಕ್ಕೆ ಕಟ್ಟೋದು" ಎಂದರು ಡಾಕ್ಟರ್, ಬಹಳ ಮೆಲ್ಲಗೆ.

"ಮರಕ್ಕೇ ಕಟ್ಟಿ. ಅಲ್ಲಿವರೆಗೂ ನೀರು ಬಂದ್ರೆ ತೇಲ್ತದೆ."

ಅಷ್ಟರಲ್ಲಿ ಮೆಟ್ಟಿಲ ಮೇಲಿದ್ದ ಅವರ ಹೆಂಡತಿ ನನ್ನ ಕಡೆ ತಿರುಗಿದರು. ನಾವೆಲ್ಲ ಅವರನ್ನು ಮೇಸ್ತ್ರಮ್ಮ ಎಂದೇ ಕರೆಯುತ್ತಿದ್ದೆವು. "ಅಕ್ಕೋರೆ, ನೀವು ಓದಿದವ್ರು. ನೋಡಿ, ಆ ಇಪ್ಪತ್ನಾಲ್ಕ್ರಲ್ಲಿ ನನ್ನ ಹೆಸ್ರು ಇದ್ದಾ?"

ನಾನು ನೋಡುವ ಮೊದಲೇ ಮೆಟ್ಟಿಲ ಮೇಲಿದ್ದವರೆಲ್ಲ ನಕ್ಕರು. ಇದು ಆ ಮನೆಯ ಹಳೆಯ ವ್ಯಾಜ್ಯ. ಐವತ್ತು ವರ್ಷದಲ್ಲಿ ಮೇಸ್ತ್ರಿಯವರು ದೋಣಿಗಳಿಗೆ ದೇವಿಯರ ಹೆಸರಿಟ್ಟರು, ನದಿಗಳ ಹೆಸರಿಟ್ಟರು, ಒಮ್ಮೆ ಸಿನಿಮಾ ನಟಿಯ ಹೆಸರನ್ನೂ ಇಟ್ಟರು. ಹೆಂಡತಿಯ ಹೆಸರು ಒಂದಕ್ಕೂ ಇಡಲಿಲ್ಲ.

"ದೋಣಿ ಅಂದ್ಮೇಲೆ ಒಂದಲ್ಲ ಒಂದು ದಿನ ಮುಳುಗ್ಬಹುದು" ಎಂದರು ಮೇಸ್ತ್ರಿ ನೀರಿನಿಂದಲೇ. "ಇವ್ನ ಹೆಂಡ್ತಿ ಮುಳುಗಿದ್ಲು ಅಂತ ಊರವ್ರು ಹೇಳೂದು ಬೇಡ."

"ನಿಮ್ಮ ದೋಣಿ ಮುಳುಗೂದಿಲ್ಲ ಅಂತ ನೀವೇ ಹೇಳೂದಲ್ದಾ?" ಎಂದರು ಮೇಸ್ತ್ರಮ್ಮ.

"ಅದು ಬೇರೆಯವ್ರಿಗೆ ಹೇಳೂದು" ಎಂದರು ಮೇಸ್ತ್ರಿ. ಮೇಸ್ತ್ರಮ್ಮ ಕಾಯಿಯನ್ನು ಮೆಟ್ಟಿಲಿಗೆ ಒಡೆದ ಜೋರಿಗೆ ಹೋಳೊಂದು ಹಾರಿ ಡಾಕ್ಟರ್ ಸಾಹೇಬರ ಮೊಣಕಾಲಿಗೆ ಬಿತ್ತು.

ಪೆಟ್ಟಿಗೆಗಳನ್ನು ದಡಕ್ಕೆ ತಂದು ಮಗುಚಿದಾಗಲೇ ನಮಗೆ ಗೊತ್ತಾದದ್ದು, ತಳದಲ್ಲಿ ತೂತಿಲ್ಲ. ತೇಲುತ್ತಿವೆ ಎಂದ ಮೇಲೆ ತೂತು ಇರಲಿಕ್ಕಿಲ್ಲ ಎಂದು ಹೊಳೆಯಬೇಕಿತ್ತು. ಮೂವರಲ್ಲಿ ಒಬ್ಬರಿಗೂ ಹೊಳೆಯಲಿಲ್ಲ. ಮುಚ್ಚಳವೂ ತೆರೆಯುವಂತಿರಲಿಲ್ಲ. ತೆರೆಯುವ ಕಡೆ ನೀರು ಇಳಿಯುತ್ತದೆ ಎಂದು ದೋಣಿ ಮೊಳೆ ಹೊಡೆದು, ಸಂದಿಗೆ ಹತ್ತಿ ತುರುಕಿ, ರಾಳ ಬಳಿದು ಮುಚ್ಚಿಬಿಟ್ಟಿದ್ದರು.

"ತಳದ ತೂತು ಮರೆತಿರಾ?" ಎಂದರು ಡಾಕ್ಟರ್.

"ಮರ್ತದ್ದಲ್ಲ, ಹೊಡಿಲಿಲ್ಲ. ತಳಕ್ಕೆ ಬೈರಿಗೆ ಇಟ್ಟವ ಅಲ್ಲ ನಾನು."

"ನೀರು ಒಳಗೆ ಬಂದರೆ ಹೊರಗೆ ಹೋಗಬೇಕಲ್ಲ?"

"ಒಳಗೇ ಬರೂದಿಲ್ಲ ಅಂದ್ಮೇಲೆ ಹೊರಗೆ ಎಂತಕ್ಕೆ ಹೋಗೂದು?"

ಡಾಕ್ಟರ್ ಸಾಹೇಬರು ತಮ್ಮ ಕಸುಬನ್ನೇ ಉದಾಹರಣೆ ಕೊಟ್ಟರು. "ನಾನು ದಿನಾ ಹತ್ತು ಹಲ್ಲಿಗೆ ತೂತು ಹೊಡೀತೇನೆ. ನನಗೇನಾಗಿದೆ?"

"ಹೊಡ್ದು ಮುಚ್ತ್ರಿ ಅಲ್ದಾ? ತೆರೆದು ಬಿಟ್ಟು ಮನೆಗೆ ಕಳ್ಸ್ತ್ರಾ?" ಎಂದರು ಮೇಸ್ತ್ರಿ. ಪ್ರಶ್ನೆ ಬಂದದ್ದು ಹಲ್ಲಿಲ್ಲದ ಬಾಯಿಯಿಂದ. ಸುಕ್ರ ಮೆಲ್ಲನೆ ಒಂದು ಪೆಟ್ಟಿಗೆ ಎತ್ತಿಕೊಂಡು, ತಾನೇ ಮನೆಯಲ್ಲಿ ಕೊರೆದುಕೊಳ್ಳೋಣ ಎಂದು ಹೊರಟ. ಮೇಸ್ತ್ರಿ ಅದನ್ನು ಕಸಿದುಕೊಂಡು ಅದರ ಮೇಲೆಯೇ ಕೂತರು. ಪೆಟ್ಟಿಗೆ ಕಿರ್ ಎನ್ನಲಿಲ್ಲ. ಅಷ್ಟು ಗಟ್ಟಿ ಕೆಲಸ.

ಕೊನೆಗೆ ರಾಜಿ ಮಾಡಿಸಿದವಳು ನಾನು. ಮಾಡಿಸಬಾರದಿತ್ತು. ತಳಕ್ಕೆ ಬೇಡ, ಬದಿಯ ಹಲಗೆಯಲ್ಲಿ, ತಳದಿಂದ ಒಂದು ಬೆರಳು ಮೇಲೆ ಒಂದೇ ತೂತು ಇರಲಿ ಎಂದೆ. ಬದಿಯೆಂದರೆ ತಳವಲ್ಲವಲ್ಲ. ಮೇಸ್ತ್ರಿಯವರು ಯೋಚಿಸಿ ಒಪ್ಪಿದರು, ಆದರೆ ಆ ತೂತಿಗೊಂದು ಮರದ ಬೂಚು ಇರಬೇಕು ಎಂದರು. ಬೂಚಿಗೆ ನೂಲು ಸುತ್ತಿ, ಬಲೆಯ ದಾರ ಕಟ್ಟಿ ನೇತುಹಾಕಿದರು. ಮಳೆ ಬಂದಾಗ ಯಾರಾದರೂ ಹೋಗಿ ದಾರ ಎಳೆದು ಬೂಚು ತೆಗೆಯುವುದು, ಮಳೆ ನಿಂತ ಮೇಲೆ ಹಾಕುವುದು. ಮೂರು ತಾಲ್ಲೂಕಿನ ಇಪ್ಪತ್ನಾಲ್ಕು ಮರಕ್ಕೆ ಬೂಚು ತೆಗೆಯುವ ಪಾಳಿಯ ಪಟ್ಟಿಯನ್ನು ನಾನು ಅಂದವಾದ ಅಕ್ಷರದಲ್ಲಿ ಬರೆದು ಹಂಚಿದೆ. ಇದಕ್ಕಿಂತ ದಡ್ಡ ಕಾಗದವನ್ನು ನಾನು ಇಡೀ ಸೇವಾವಧಿಯಲ್ಲಿ ಬರೆದಿಲ್ಲ, ಶಿಕ್ಷಣ ಇಲಾಖೆ ಕೇಳಿದ ಕಾಗದಗಳನ್ನೂ ಸೇರಿಸಿ.

ಅಷ್ಟು ಸಾಲದೆಂಬಂತೆ, ಕೊಡುವ ಮೊದಲು ಎಲ್ಲ ಪೆಟ್ಟಿಗೆಗೂ ದೋಣಿಗೆ ಬಳಿಯುವ ಹಾಗೆ ತಾರ್ಲೆ ಮೀನಿನ ಎಣ್ಣೆಯನ್ನು ಎರಡು ಸಲ ಬಳಿದಿದ್ದರು. ಮರ ಕೊಳೆಯುವುದಿಲ್ಲ, ನಿಜ. ಆದರೆ ಮೊದಲ ಎರಡು ತಿಂಗಳು ಒಂದು ಹಕ್ಕಿಯೂ ಬರಲಿಲ್ಲ, ಬೆಕ್ಕುಗಳು ಬಂದವು. ಭಟ್ಕಳದ ಡಾಕ್ಟರ್ ಸಾಹೇಬರ ದವಾಖಾನೆಯ ಅಂಗಳದಲ್ಲಿ ಗಾಳಿ ಕುಮಾರನನ್ನು ಕಟ್ಟಿದ್ದ ಮರದ ಕೆಳಗೆ ಏಳು ಬೆಕ್ಕು ಸಾಲಾಗಿ ಕೂತು ಮೇಲೆ ನೋಡುತ್ತಿದ್ದವು. ಹಲ್ಲುನೋವಿನವರು ಒಳಗೆ, ಬೆಕ್ಕುಗಳು ಹೊರಗೆ, ಎಲ್ಲರೂ ಬಾಯಿ ತೆರೆದುಕೊಂಡು. ಸುಕ್ರನ ಮೈಗೆ ಆ ವಾಸನೆ ಹತ್ತಿ, ಅವನ ಬೈಕಿನ ಹಿಂದೆ ಬೆಕ್ಕು ಓಡಿದ್ದನ್ನು ಕುಮಟೆಯವರು ಈಗಲೂ ಹೇಳುತ್ತಾರೆ. ಕಡೆಗೆ ಮರಗಳ ಬುಡಕ್ಕೆ ತಗಡು ಸುತ್ತಿ ಬೆಕ್ಕು ಹತ್ತದಂತೆ ಮಾಡಿದೆವು.

ನಾವೇನು, ಬೂಚು ತೆಗೆದು ಹಾಗೇ ಬಿಟ್ಟುಬಿಡೋಣ ಎಂದುಕೊಂಡಿದ್ದೆವು. ಬಿಡಲಿಲ್ಲ ಅವರು. ಬಸ್ಸು ಹತ್ತಿ ಹೊನ್ನಾವರಕ್ಕೂ ಅಪ್ಸರಕೊಂಡಕ್ಕೂ ಹೆಬಳೆಗೂ ಹೋಗಿ, ಒಂದೊಂದೇ ಮರದ ಕೆಳಗೆ ನಿಂತು, ಒಂದು ಕಣ್ಣು ಮುಚ್ಚಿ ತಳ ನೋಡಿ, ಬಿದಿರಿನ ಕೋಲಿನ ತುದಿಗೆ ಬೂಚು ಸಿಕ್ಕಿಸಿ ಮತ್ತೆ ಒತ್ತಿ ಬರುತ್ತಿದ್ದರು. ಅಪ್ಸರಕೊಂಡದಲ್ಲಿ ಜಲಪಾತ ನೋಡಲು ಬಂದ ಪ್ರವಾಸಿಗಳು ಇದೇನೋ ಪೂಜೆ ಎಂದು ಕೈಮುಗಿದು ಫೋಟೋ ತೆಗೆಸಿಕೊಂಡರಂತೆ. ಮೇಸ್ತ್ರಿ ಬೇಡವೆನ್ನಲಿಲ್ಲ.

ಸಮುದ್ರ ರಾಣಿಯನ್ನು ಅವರು ತಮ್ಮ ಅಂಗಳದಲ್ಲೇ, ಚಪ್ಪರದ ಪಕ್ಕದ ಚಂಡೆ ಸತ್ತ ತೆಂಗಿನ ಮರಕ್ಕೆ ಹತ್ತಡಿ ಎತ್ತರದಲ್ಲಿ ನಾಲ್ಕು ದೋಣಿ ಮೊಳೆ ಹೊಡೆದು ಕೂರಿಸಿದ್ದರು. ಬಾಗಿಲು ಪಶ್ಚಿಮಕ್ಕೆ. ಪೂರ್ವಕ್ಕಿರಲಿ ಎಂದು ಡಾಕ್ಟರ್ ಬರೆದುಕೊಟ್ಟಿದ್ದರು.

"ಮೂತಿ ಸಮುದ್ರಕ್ಕೇ ಇರ್ಬೇಕು ಅಕ್ಕೋರೆ. ಸಮುದ್ರಕ್ಕೆ ಬೆನ್ನು ಹಾಕಿ ನಿಂತ ದೋಣಿ ನೋಡಿದ್ರ್ಯಾ ನೀವು?" ಎಂದರು. ನಾನು ನೋಡಿರಲಿಲ್ಲ.

ಆ ಬೇಸಿಗೆಯ ಕೊನೆಗೆ ಸಮುದ್ರ ರಾಣಿಗೆ ಒಂದು ಜೋಡಿ ಮಡಿವಾಳ ಹಕ್ಕಿ ಬಂತು. ಕಪ್ಪು ಬಿಳುಪಿನ ಗಂಡು ಬೆಳಗಾಗುವ ಮೊದಲೇ ಚಪ್ಪರದ ತುದಿಯಲ್ಲಿ ಕೂತು ಹಾಡು ಶುರು ಮಾಡುತ್ತಿತ್ತು. ಮೇಸ್ತ್ರಿಯವರು ತಮಗೆ ಹಕ್ಕಿಯ ಹುಚ್ಚಿಲ್ಲ, ಕೆಲಸ ಸರಿಯಾಗಿದೆಯೋ ಎಂದಷ್ಟೇ ನೋಡುವುದು ಎನ್ನುತ್ತಿದ್ದರು. ಆದರೆ ದಿನಾ ಬೆಳಿಗ್ಗೆ ಆರಕ್ಕೆ ನನಗೆ ಫೋನು. ಹೊಳೆಯ ಆಚೆ ದಡದಲ್ಲಿರುವವರನ್ನು ಕರೆಯುವ ದನಿ.

"ಅಕ್ಕೋರೆ, ಕಡ್ಡಿ ತಂತು."

"ಅಕ್ಕೋರೆ, ನಿನ್ನೆ ತಂದದ್ದು ಬಿಸಾಡ್ತು. ಬೇರೆ ತಂತು."

ಸುಕ್ರ ಹೋಗಿ ಬಾಗಿಲಿಗೆ ಕನ್ನಡಿ ಹಿಡಿದು ನೋಡಿ ನಾಲ್ಕು ಮೊಟ್ಟೆ ಎಂದ. ಅಂದಿನಿಂದ ಮೇಸ್ತ್ರಿ ಚಪ್ಪರದಲ್ಲಿ ಕೊಡತಿ ಬಡಿಯುವುದನ್ನು ನಿಲ್ಲಿಸಿದರು. ಹೆಣ್ಣು ಕಾವಿಗೆ ಕೂತಿದೆ, ಸದ್ದಾಗಬಾರದು. ಮೇಸ್ತ್ರಮ್ಮನಿಗೂ ಅಂಗಳದ ಒರಳಿನಲ್ಲಿ ಮಸಾಲೆ ಅರೆಯಬೇಡ ಎಂದರು.

"ನಾ ಒಳಗೆ ನಾಲ್ಕು ಹೆರುವಾಗ ಇವ್ರು ಹೊರಗೆ ಕೊಡತಿ ನಿಲ್ಸಿದವ್ರಲ್ಲ" ಎಂದು ಮೇಸ್ತ್ರಮ್ಮ ನನಗೆ ಹೇಳಿದರು. ಆದರೆ ಒರಳು ಬಿಟ್ಟು ಪಕ್ಕದ ಮನೆಗೆ ಹೋಗಿ ಅರೆದುಕೊಂಡು ಬರುತ್ತಿದ್ದರು.

ಮೊಟ್ಟೆ ಒಡೆದು ಮರಿಯಾಗಿ ವಾರವಾಗಿತ್ತು. ಜೂನ್ ತಿಂಗಳ ಮೊದಲ ದೊಡ್ಡ ಮಳೆ ರಾತ್ರಿಯೆಲ್ಲ ಹೊಡೆಯಿತು. ಬೆಳಿಗ್ಗೆ ಆರಕ್ಕೆ ಫೋನು ಬಂತು. ಅಂದು ಅವರ ದನಿ ಎಷ್ಟು ಸಣ್ಣದಿತ್ತೆಂದರೆ ಯಾರೋ ಬೇರೆಯವರೆಂದುಕೊಂಡೆ.

"ಅಕ್ಕೋರೆ, ಸುಕ್ರನ್ನ ಕರ್ಕಂಡು ಬನ್ನಿ. ಬೂಚು ಬರೂದಿಲ್ಲ."

ಸುಕ್ರನ ಬೈಕಿನ ಹಿಂದೆ ಕೂತು ಹೋದೆ. ಛತ್ರಿ ದಾರಿಯಲ್ಲೇ ಉಲ್ಟಾ ಆಗಿ, ಆಮೇಲೆ ಇಲ್ಲವಾಯಿತು. ಬಾಡದಲ್ಲಿ ಗಾಳಿ ಸಮುದ್ರದಿಂದ ನೇರ ಬೀಸುತ್ತಿತ್ತು, ಮಳೆ ಅಡ್ಡಡ್ಡವಾಗಿ ಸಮುದ್ರ ರಾಣಿಯ ಬಾಗಿಲಿಗೇ ಹೊಡೆಯುತ್ತಿತ್ತು. ಮರಿಗಳ ತಾಯಿ ತಂದೆ ಚಪ್ಪರದ ಮೇಲೆ ನೆನೆದು ಮುದ್ದೆಯಾಗಿ ಕೂತು ಕಿರುಚುತ್ತಿದ್ದವು. ಸುಕ್ರ ಏಣಿ ಹತ್ತಿ, ಕನ್ನಡಿ ಹಿಡಿದು ನೋಡಿದ.

"ಗೂಡು ಪೂರ್ತಿ ನೀರಲ್ಲಿ ಕೂತಿದು. ಮರಿ ಕುತ್ತಿಗೆ ಎತ್ಕಂಡು ಇದ್ವು. ಸ್ವಲ್ಪ ಹೊತ್ತು ಅಷ್ಟೆ."

ಬೂಚನ್ನು ಎಳೆದ. ನೆನೆದ ಮರ ಉಬ್ಬಿ ಕಚ್ಚಿಕೊಂಡಿತ್ತು. ಇನ್ನೂ ಜೋರಾಗಿ ಎಳೆದ, ದಾರ ಕಡಿದುಹೋಯಿತು. ಬಾಗಿಲಿನಲ್ಲಿ ಅವನ ಕೈ ಹೋಗುವುದಿಲ್ಲ. ಮುಚ್ಚಳಕ್ಕೆ ಮೊಳೆ, ಹತ್ತಿ, ರಾಳ. ಪೆಟ್ಟಿಗೆಯನ್ನೇ ಬಿಚ್ಚೋಣವೆಂದರೆ ಆ ನಾಲ್ಕು ದೋಣಿ ಮೊಳೆ ಕೀಳಲು ಅರ್ಧ ದಿನ ಬೇಕು. ಮೇಸ್ತ್ರಿಯವರ ಒಳ್ಳೆಯ ಕೆಲಸವೆಲ್ಲ ಒಟ್ಟಾಗಿ ಆ ಮರಿಗಳನ್ನು ಹಿಡಿದುಕೊಂಡಿತ್ತು.

ಮೇಸ್ತ್ರಿ ಏಣಿಯ ಬುಡದಲ್ಲಿ ನಿಂತು ಪೆಟ್ಟಿಗೆಯ ತಳ ನೋಡುತ್ತಿದ್ದರು. ನಾನೂ ನೋಡಿದೆ. ಒಳಗೆ ಅಷ್ಟು ನೀರಿದ್ದರೂ ತಳದಿಂದ ಒಂದು ತೊಟ್ಟೂ ಒಸರುತ್ತಿರಲಿಲ್ಲ.

"ಬೈರಿಗೆ ಕೊಡಿ ಮೇಸ್ತ್ರಿ, ಬದಿಗೆ ಒಂದು ಹೊಡೀತೆ" ಎಂದ ಸುಕ್ರ.

"ಬದಿಗೆ ಹೊಡೆದ್ರೆ ತಳದಲ್ಲಿ ನಿಂತದ್ದು ಹೋಗೂದಿಲ್ಲ" ಎಂದರು ಮೇಸ್ತ್ರಿ. ಹೇಳಿ ಅಲ್ಲೇ ನಿಂತರು.

ಮೇಸ್ತ್ರಮ್ಮ ಮಳೆಗೆ ಎಲೆಯ ಗೊರಬು ಹೊದ್ದುಕೊಂಡು ಹೊರಗೆ ಬಂದರು. ಗಂಡನನ್ನು ನೋಡಿದರು, ಪೆಟ್ಟಿಗೆಯನ್ನು ನೋಡಿದರು.

"ಹೊಡೀರಿ" ಎಂದರು. "ಅದ್ರ ಮಕ್ಳು ಮುಳುಗ್ತಿದ್ವು. ನಿಮ್ಮ ತಳ ಕಟ್ಕಂಡು ಎಂತ ಮಾಡೂದು?"

ಮೇಸ್ತ್ರಿ ಚಪ್ಪರದೊಳಗೆ ಹೋಗಿ ಬೈರಿಗೆ ತಂದರು. ಸುಕ್ರ ಕೈ ಚಾಚಿದರೆ ಕೊಡಲಿಲ್ಲ. "ನೀ ಇಳಿ. ನಾ ಕಟ್ಟಿದ್ದಕ್ಕೆ ನಾನೇ ಹೊಡೀಬೇಕು" ಎಂದರು. ಬೈರಿಗೆಯನ್ನು ಕಣ್ಣಿಗೊತ್ತಿಕೊಂಡು ಏಣಿ ಹತ್ತಿದರು. ಎಪ್ಪತ್ತೆಂಟರ ಮುದುಕ. ಏಣಿಯನ್ನು ಸುಕ್ರ ಹಿಡಿದ, ಅವರ ಪಂಚೆಯನ್ನು ಮೇಸ್ತ್ರಮ್ಮ ಹಿಡಿದರು, ನಾನು ಮೇಸ್ತ್ರಮ್ಮನನ್ನು ಹಿಡಿದುಕೊಂಡೆ. ಪಂಚೆ ಹಿಡಿದದ್ದರಿಂದ ಅವರು ಹತ್ತಿದಷ್ಟೂ ಪಂಚೆ ಕೆಳಗೇ ಉಳಿಯುತ್ತಿತ್ತು. "ಬಿಡೇ, ಮರ್ಯಾದೆ ಹೋಗ್ತದೆ" ಎಂದರು ಮೇಲಿನಿಂದ. "ಬಿದ್ರೆ ಜೀವ ಹೋಗ್ತದೆ" ಎಂದು ಮೇಸ್ತ್ರಮ್ಮ ಇನ್ನಷ್ಟು ಬಿಗಿ ಹಿಡಿದರು.

ಬೈರಿಗೆಯ ಮೂತಿಯನ್ನು ತಳಕ್ಕೆ ಇಟ್ಟರು. "ತಪ್ಪಾತು" ಎಂದು ಮೆಲ್ಲಗೆ ಹೇಳಿದ್ದು ನನಗೆ ಕೇಳಿತು. ಪೆಟ್ಟಿಗೆಗೋ, ಮರಿಗಳಿಗೋ, ಕೇಳುವ ಹೊತ್ತು ಅದಲ್ಲ. ತಿರುಗಿಸತೊಡಗಿದರು. ಒಮ್ಮೆಲೇ ನೀರು ಚಿಮ್ಮಿ ನೇರ ಅವರ ತೆರೆದ ಬಾಯೊಳಗೇ ಹೋಯಿತು. ಗೂಡಿನ ಕಸ, ಮರಿಗಳ ಹಿಕ್ಕೆ ಎಲ್ಲ ಸೇರಿದ ನೀರು. ಥೂ ಎಂದು ಉಗಿದು, ಒಂದು ಗಳಿಗೆ ನಾಲಿಗೆ ಆಡಿಸಿ, "ಉಪ್ಪಿಲ್ಲ" ಎಂದರು.

ನನಗೆ ನಗು ತಡೆಯಲಾಗಲಿಲ್ಲ. ಅಳುವೂ ಬಂದಿತ್ತು, ಮಳೆಯಲ್ಲಿ ಯಾರಿಗೂ ಕಾಣಲಿಲ್ಲ.

ಎರಡನೆಯದು, ಮೂರನೆಯದು. ಐದನೆಯ ತೂತಿನ ಹೊತ್ತಿಗೆ ಬೈರಿಗೆಯನ್ನು ಎಷ್ಟು ಓರೆ ಹಿಡಿಯಬೇಕು ಎಂದು ಸುಕ್ರನಿಗೆ ಪಾಠ ಹೇಳುತ್ತಿದ್ದರು. ಅವರು ಇನ್ನೂ ಏಣಿಯ ಮೇಲಿರುವಾಗಲೇ ಗಂಡು ಹಕ್ಕಿ ಹುಳು ಕಚ್ಚಿಕೊಂಡು ಅವರ ಕಿವಿ ಸವರಿಕೊಂಡೇ ಬಾಗಿಲಿಗೆ ಹೋಯಿತು. ಅದು ಹಾರಿಹೋದ ಮೇಲೆ ಮೇಸ್ತ್ರಿ ಇಳಿದರು, ಸುಕ್ರ ಹತ್ತಿ ಮತ್ತೆ ಕನ್ನಡಿ ಹಿಡಿದ.

"ಮೂರು ಬಾಯಿ ತೆಗೀತಿದ್ವು" ಎಂದ. ಕನ್ನಡಿ ಕಿಸೆಗಿಟ್ಟು, "ಒಂದು ಹೋಯ್ದು" ಎಂದ.

ಮೇಸ್ತ್ರಿ ಚಪ್ಪರದ ಹಲಗೆಯ ಮೇಲೆ ಕೂತರು. ಮೇಸ್ತ್ರಮ್ಮ ಚಹಾ ತಂದುಕೊಟ್ಟರು. ಅಂದು ಅವರು ಕಪ್ಪಿನ ಅಡಿ ನೋಡಲಿಲ್ಲ. "ನನ್ನ ದೋಣಿಲಿ ಇದುವರೆಗೆ ಯಾರೂ ಮುಳುಗಿರ್ಲಿಲ್ಲ ಅಕ್ಕೋರೆ" ಎಂದರು. ಬೂಚಿನ ರಾಜಿ ನನ್ನದೇ ತಾನೆ? ಆ ಮರಿಯ ಪಾಪದಲ್ಲಿ ಅರ್ಧ ನನಗೂ ಸೇರಬೇಕು ಎಂದು ಅಂದೂ ಅನಿಸಿತ್ತು, ಇಂದೂ ಅನಿಸುತ್ತದೆ.

ಮರುದಿನದಿಂದ ಅವರು ಬೈರಿಗೆಯನ್ನು ಟವೆಲ್ಲಿನಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದರು. ಹದಿನೈದು ದಿನದಲ್ಲಿ ಉಳಿದ ಇಪ್ಪತ್ಮೂರು ಪೆಟ್ಟಿಗೆಗೂ ಐದೈದು ತೂತು. ಗೂಡಿಲ್ಲದ್ದನ್ನೆಲ್ಲ ಸುಕ್ರನ ಕೈಯಿಂದ ಇಳಿಸಿ, ಮೂತಿ ಪೂರ್ವಕ್ಕೆ ತಿರುಗಿಸಿ, ಮುಚ್ಚಳದ ಮೊಳೆ ಕಿತ್ತು ಬಿಜಾಗರಿ ಹಾಕಿದರು. ಭಟ್ಕಳದಲ್ಲಿ ರೋಗಿಯ ಬಾಯಿ ತೆರೆದಿಟ್ಟು ಡಾಕ್ಟರ್ ಸಾಹೇಬರು ಹೊರಗೋಡಿ ಬಂದರಂತೆ. "ನೀವು ಒಳಗೆ ಮುಚ್ಚಿ ಡಾಕ್ಟ್ರೆ, ನಾ ಇಲ್ಲಿ ತೆರೀತೆ" ಎಂದರಂತೆ ಮೇಸ್ತ್ರಿ. ಡಾಕ್ಟರಿಗೆ ಸಂತೋಷವಾಗಿ ಒಂದು ಜೊತೆ ಹಲ್ಲುಸೆಟ್ಟು ಮಾಡಿಸಿಕೊಟ್ಟರು. ಮೇಸ್ತ್ರಿ ಅದನ್ನು ಮಗುಚಿ, ಒಂದು ಕಣ್ಣು ಮುಚ್ಚಿ, ಅಡಿ ನೋಡಿ, "ಚಂದ ಇದ್ದು, ಆದ್ರೆ ಇದಕ್ಕೆ ಮೀನೆಣ್ಣೆ ಬೇಕು" ಎಂದು ವಾಪಸು ಕೊಟ್ಟರು.

ಸಮುದ್ರ ರಾಣಿಯಿಂದ ಮೂರು ಮರಿ ಹಾರಿದವು. ಮುಂದಿನ ವರ್ಷವೂ ಅಲ್ಲಿ ಸಂಸಾರವಾಯಿತು.

ಅವರು ಹೋದ ಮೇಲೆ, ಕಾರ್ಯಗಳೆಲ್ಲ ಮುಗಿದ ಒಂದು ಭಾನುವಾರ ಡಾಕ್ಟರ್ ಸಾಹೇಬರು, ಸುಕ್ರ, ನಾನು ಬಾಡಕ್ಕೆ ಹೋದೆವು. ಮೇಸ್ತ್ರಮ್ಮ ಚಹಾ ಕೊಟ್ಟರು. ಮೂವರೂ ಒಬ್ಬರನ್ನೊಬ್ಬರು ನೋಡದೆ ಕಪ್ಪು ಎತ್ತಿ ಅಡಿ ನೋಡಿದೆವು. ಯಾರೂ ಹೇಳಿಕೊಂಡು ಮಾಡಿದ್ದಲ್ಲ.

ಮೇಸ್ತ್ರಮ್ಮ ಚಪ್ಪರದಿಂದ ಹಳೆಯ ಪಂಚೆಯಲ್ಲಿ ಸುತ್ತಿದ ಒಂದು ಪೆಟ್ಟಿಗೆ ತಂದು ನನ್ನ ಮುಂದಿಟ್ಟರು. "ಇದೊಂದು ಮಾಡಿಟ್ಟಿರು. ಯಾರಿಗೂ ತೋರಿಸ್ಲಿಲ್ಲ. ಎಂತದೋ ಬರ್ದಿರು, ನಂಗೆ ಓದೂಕೆ ಬರೂದಿಲ್ಲ. ಓದಿ ಅಕ್ಕೋರೆ."

ಹಲಸಿನ ಹಲಗೆ, ಮೂತಿ ಬಾಗಿದ ಅದೇ ಆಕಾರ, ಹಳದಿ ಅಕ್ಷರ.

"ನಾಗವೇಣಿ" ಎಂದು ಓದಿದೆ.

ಮೇಸ್ತ್ರಮ್ಮ ಆ ಅಕ್ಷರಗಳ ಮೇಲೆ ಬೆರಳಿಟ್ಟರು. ನಾನು ದಡ್ಡಿ, ಆಗಲೂ ತಿಳಿಯದೆ "ಇದು ಯಾವ ದೇವರ ಹೆಸರು?" ಎಂದೆ.

"ದೇವ್ರಲ್ಲ" ಎಂದರು. "ನಾನು."

ಇಪ್ಪತ್ನಾಲ್ಕು ಪೆಟ್ಟಿಗೆಯ ಹೆಸರೂ ಬಾಯಿಪಾಠವಿದ್ದ ಕಾರ್ಯದರ್ಶಿ ನಾನು. ಇಷ್ಟು ವರ್ಷ ಅವರ ಕೈಯ ಚಹಾ ಕುಡಿದು ಹೆಸರು ಕೇಳಿರಲಿಲ್ಲ. ಡಾಕ್ಟರ್ ಸಾಹೇಬರು ಕನ್ನಡಕ ತೆಗೆದು ಒರೆಸತೊಡಗಿದರು. ಸುಕ್ರ ತೆಂಗಿನ ಮರ ನೋಡುತ್ತ ನಿಂತ.

"ಇನ್ನು ಊರ ಹಕ್ಕಿ ಎಲ್ಲಾ ನನ್ನ ಮೇಲೆ ಹೇಲ್ತ್ವು" ಎಂದರು ಮೇಸ್ತ್ರಮ್ಮ. ಆಮೇಲೆ ಪೆಟ್ಟಿಗೆಯನ್ನು ಮಗುಚಿ ಎತ್ತಿ ಹಿಡಿದು, ಒಂದು ಕಣ್ಣು ಮುಚ್ಚಿ ತಳ ನೋಡಿದರು. ಐದು ತೂತಿಗೂ ಒಂದೊಂದಾಗಿ ಕಿರುಬೆರಳು ಇಟ್ಟು ತೆಗೆದರು. ತೂತುಗಳಿಂದ ಇಳಿದ ಬೆಳಕು ಅವರ ಸೆರಗಿನ ಮೇಲೆ ಬಿತ್ತು.

"ಇದು ಮುಳುಗೂದಿಲ್ಲ" ಎಂದರು. ಪೆಟ್ಟಿಗೆಯನ್ನು ಸುಕ್ರನ ಕೈಗೆ ಕೊಟ್ಟು, ಅಡುಗೆಮನೆಯ ಕಿಟಕಿಯಿಂದ ಕಾಣುವ ಹಾಗೆ ಕಟ್ಟಲು ಹೇಳಿದರು.